ಕೆಂಪಾಗದ ಗಮ್

ಕಾನ್ವೆಂಟಿನಲ್ಲಿ ಚ್ಯೂಯಿಂಗ್ ಗಮ್ ಜಗಿದವಳನ್ನು ಸಿಸ್ಟರ್ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅವರ ಮೆಲುದನಿಯ "ನಾಟ್ ಲೇಡಿಲೈಕ್" ಈಗಲೂ ಹಿತವಾಗಿ ಕೇಳಿಸುತ್ತದೆ. ಅಂಥ ನಾನು, ಎರಡು ಸಾವಿರದ ಇಸವಿ ದಾಟಿದ ಮೇಲೆ, ಮುದುಕಿಯಾಗಿ, ಮೂಡಿಗೆರೆಯ ಮಹಿಳಾ ಸಂಘದ ಹಲ್ಲಿನ ಕ್ಯಾಂಪಿನಲ್ಲಿ ಕೂತು ಹಸಿರು ಗಮ್ ಜಗಿದೆ.

ಕಾರಣ ನನ್ನ ಓರಗಿತ್ತಿ. ಬಾಳೂರಿನ ಮನೆಯಲ್ಲಿ ನಮ್ಮಿಬ್ಬರದ್ದು ಒಂದೇ ಅಡುಗೆ. ನನಗೆ ಡೆಂಚರ್ ಹಲ್ಲು ಕೂರಿಸಿದಾಗಿನಿಂದ ಆಕೆ ನೆಂಟರೆದುರೇ ನನಗೆ ಕಿವುಚಿದ ಅನ್ನವನ್ನು ಬೇರೆಯಾಗಿ ಕೊಡಿಸುತ್ತಿದ್ದರು. ಕಡುಬು, ಕೋಳಿಸಾರು ನನ್ನ ಹತ್ತಿರ ಸುಳಿಯುವಂತಿರಲಿಲ್ಲ.

"ಸುಮ್ನೆ ತಿನ್ನು ಮಾರಾಯ್ತಿ, ಗಂಟ್ಲಲ್ಲಿ ಸಿಕ್ಕೊಂಡ್ರೆ ಯಾರು ಹೊತ್ಕೊಂಡು ಹೋಗೋದು?"

ಕ್ಯಾಂಪಿನಲ್ಲಿ ಗಮ್ ಕೊಟ್ಟು ಜಗಿಯುವ ಶಕ್ತಿ ಅಳೆಯುತ್ತಾರೆಂದು ಸಂಘದವರು ಹೇಳಿದ್ದರು. ಅದು ಕೆಂಪಾದರೆ ಎಲ್ಲರ ಊಟವೇ ನನಗೂ ಎಂದು ಆಕೆಯನ್ನು ಒಪ್ಪಿಸಿಕೊಂಡೇ ಜೀಪು ಹತ್ತಿದ್ದೆ.

ಚೆನ್ನಾಗಿ ಜಗಿದಷ್ಟೂ ಹಸಿರು ಹೋಗಿ ಕೆಂಪು ಬರುತ್ತದಂತೆ. ಉಗಿದದ್ದನ್ನು ಬಣ್ಣದ ಕಾರ್ಡಿನ ಪಕ್ಕ ಹಿಡಿದು ನಮ್ಮ ಮಾರ್ಕ್ಸ್ ನಾವೇ ಹಾಕಿಕೊಳ್ಳಬೇಕಂತೆ. ವಾಟ್ ಎ ಸೈನ್ಸ್! ಪೇಟೆಯಿಂದ ಬಂದ ಡಾಕ್ಟರಮ್ಮ ಊಟವಾದ ಮೇಲೆ ಗಮ್ ಹಂಚಿದಳು. ನಮ್ಮ ಕಡೆ ಊಟವಾದ ಮೇಲೆ ಹೆಂಗಸರ ಬಾಯಲ್ಲಿ ಏನಿರುತ್ತದೆಂದು ಆಕೆಗೆ ಗೊತ್ತಿಲ್ಲ. ಎಲೆಅಡಿಕೆಯ ತಟ್ಟೆ ಆಗಲೇ ಒಂದು ಸುತ್ತು ಬಂದಿತ್ತು. ಎಲೆ ಹಾಕದವಳು ನಾನೊಬ್ಬಳೇ.

ಓರಗಿತ್ತಿಗೆ ದವಡೆ ಹಲ್ಲು ಒಂದೂ ಇಲ್ಲ. ಗಮ್ಮನ್ನು ಒಸಡಿನಲ್ಲೇ ಹೊರಳಿಸಿ ಉಗಿದರು. ದಾಸವಾಳದ ಕೆಂಪು!

"ಎಕ್ಸಲೆಂಟ್, ಆಂಟಿ!" ಡಾಕ್ಟರಮ್ಮ ಚಪ್ಪಾಳೆ ತಟ್ಟಿದಳು. ನನ್ನದು ಬಾಡಿದ ಸೀಬೆಕಾಯಿಯ ಬಣ್ಣ. "ನಿಮಗೆ ಸಾಫ್ಟ್ ಡಯಟ್, ಆಂಟಿ."

"ಅವರ ಬಾಯಿ ತೊಳೆಸಿ ನೋಡಮ್ಮ, ಅದು ಎಲೆಅಡಿಕೆ ಕೆಂಪು."

"ಹೊಟ್ಟೆಕಿಚ್ಚು ಇವಳಿಗೆ," ಎಂದರು ಓರಗಿತ್ತಿ. ಸಭೆಗೆ ಸಭೆಯೇ ನಕ್ಕಿತು, ಎಲ್ಲವೂ ಕೆಂಪು ಬಾಯಿಗಳು. ಒಬ್ಬಳಿಗಾದರೂ ಅನುಮಾನ ಬರಬೇಡವೇ? ಬುದ್ಧಿಯನ್ನೂ ಸುಣ್ಣ ಹಚ್ಚಿ ಮಡಿಚಿಟ್ಟುಕೊಂಡ ಜನ.

ಮರುದಿನ ಹೊಸದಾಗಿ ಮದುವೆಯಾದ ಜೋಡಿಯೊಂದು ಊಟಕ್ಕೆ ಬಂತು. ಬಡಿಸುವ ಸೌಟು ನಾನೇ ಹಿಡಿದೆ. ಬಲಿತ ನಾಟಿ ಹುಂಜ. ಗಟ್ಟಿ ತುಂಡುಗಳನ್ನೆಲ್ಲ ಆರಿಸಿ ಓರಗಿತ್ತಿಗೆ ಹಾಕಿದೆ.

"ಇಷ್ಟೊಂದು ಯಾಕೆ?"

"ಎಕ್ಸಲೆಂಟ್ ಬಂದಿದೆಯಲ್ಲ ಅಕ್ಕ, ಜಗೀರಿ."

ಜೋಡಿ ಕುತೂಹಲದಿಂದ ನೋಡುತ್ತಿತ್ತು. ತುಂಡು ಆಕೆಯ ಬಾಯೊಳಗೆ ಆ ಕಡೆ ಈ ಕಡೆ ಓಡಾಡಿ, ಕೊನೆಗೆ ಸೆರಗಿನ ಮರೆಯಲ್ಲಿ ಇಡಿಯಾಗಿ ಹೊರಬಂತು. ಇಷ್ಟು ವರ್ಷ ಸಾರು ಮಾತ್ರ ಚೀಪಿ, ತುಂಡನ್ನು ನಾಯಿಗೆ ಹಾಕುತ್ತಿದ್ದರೆಂದು ಆಗ ಹೊಳೆಯಿತು. ನಾನು ಕಡುಬು ಮುರಿದು ಸಾರಿನಲ್ಲಿ ನೆನೆಸಿ ನಿಧಾನವಾಗಿ ತಿಂದೆ. ಆಕೆ ತುಂಡನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ತಟ್ಟೆಯನ್ನೇ ನೋಡಿದರು.

ಕೈ ತೊಳೆಯುವಾಗ ಅಡುಗೆಯವಳಿಗೆ ಹೇಳಿದರು: "ಇನ್ಮೇಲೆ ಕೋಳಿ ಮೆತ್ತಗೆ ಬೇಯ್ಸೇ, ಬಂದವ್ರಿಗೂ ಜಗಿಯಕ್ಕಾಗ್ಬೇಕಲ್ಲ."

ಇಪ್ಪತ್ತೈದು ದಾಟದ ಆ ಜೋಡಿ ಮುಖ ಮುಖ ನೋಡಿಕೊಂಡಿತು. ನನ್ನ ಬೇರೆ ಅಡುಗೆ ಅಂದಿಗೇ ನಿಂತಿತು. ಆಕೆ ಇದ್ದಷ್ಟು ಕಾಲ ನಮ್ಮ ಮನೆಯ ಕೋಳಿ ಬೆಂದು ಬೆಂದು ಸಾರಿನಲ್ಲೇ ಕರಗುತ್ತಿತ್ತು.