ಕೋಳಿ ಕಳೆದುಕೊಂಡ ಅಜ್ಜಿ, ಪ್ಯಾಂಟು ತೊಟ್ಟ ಪೊಲೀಸು

ಹೊಸದುರ್ಗದ ಬಸ್ಸಿನಲ್ಲಿ ಬ್ಯಾಗು ಕಳೆದುಕೊಂಡು, ದೂರು ಕೊಡಲು ದಾರಿಯ ಸಣ್ಣ ಠಾಣೆಯೊಂದಕ್ಕೆ ಹೋದೆ. ನನಗಿಂತ ಮುಂಚೆ ಅಜ್ಜಿಯೊಬ್ಬರು ಬಂದು ನಿಂತಿದ್ದರು. ಅವರ ಕೋಳಿ ಕಳುವಾಗಿತ್ತು. ಮೇಜಿನ ಹಿಂದೆ ಕೂತಿದ್ದವಳು ಆ ಠಾಣೆಗೆ ಬಂದ ಮೊದಲ ಮಹಿಳಾ ಪೇದೆ.

"ಪೊಲೀಸ್ರನ್ನ ಕರಿಯವ್ವ," ಎಂದರು ಅಜ್ಜಿ.

"ನಾನೇ ಪೊಲೀಸು. ಕುಂತ್ಕಳಜ್ಜಿ."

ಅಜ್ಜಿ ಅವಳ ಪ್ಯಾಂಟನ್ನೇ ನೋಡಿದರು. "ನಮ್ಮಪ್ಪನ ಕಾಲಕ್ಕೆ ಊರು ಕಾಯಾಕೆ ತಳವಾರ ಇದ್ದ. ಆಮೇಲೆ ಚಡ್ಡಿ ಹಾಕ್ಕಂಡ ಪೊಲೀಸ್ರು ಬಂದ್ರು. ಈಗ ನೀನಾ!"

"ಅವ್ರು ಕೋಳಿ ಹುಡುಕ್ತಿದ್ರೇನಜ್ಜಿ?"

ಅಜ್ಜಿ ಸ್ವಲ್ಪ ಯೋಚಿಸಿದರು. "ಹುಡುಕ್ತಿದ್ರು. ವಾಪಸ್ ಕೊಡ್ತಿರ್ಲಿಲ್ಲ."

ಒಳಗಿದ್ದ ಹಿರಿಯ ಪೇದೆ ನಗುತ್ತಾ, "ನಡಿಯಜ್ಜಿ, ನಾನೇ ಬರ್ತೀನಿ," ಎಂದು ಟೋಪಿ ಎತ್ತಿಕೊಂಡರು.

ಅಜ್ಜಿ ಥಟ್ಟನೆ ಹುಡುಗಿಯ ಕೈ ಹಿಡಿದರು. "ನೀನು ಇಲ್ಲೇ ಕುಂತ್ಕಳಪ್ಪ. ಏಳವ್ವ, ನಾವಿಬ್ರೇ ಹೋಗಾಣ."