ಆದೆಮ್ಮನ ಎಲೆ ತಟ್ಟೆ ಯುರೋಪಿಗೆ ಹೋದದ್ದು

ಮಸ್ಕಿಯ ನಮ್ಮ ಹತ್ತಿ ಬಿಡಿಸುವ ಹೆಂಗಸರ ಸಂಘಕ್ಕೆ ಆದೆಮ್ಮ ಅಧ್ಯಕ್ಷೆ. ಅವಳ ಬಾಯಿಗೆ ಊರೇ ಹೆದರುತ್ತದೆ. ಅವಳು ಹೆದರುವುದು ಸಂಘದ ಒಂದೇ ಒಂದು ಕಟ್ಟಳೆಗೆ. ಸಭೆಯಲ್ಲಿ ಎಲೆ ಅಡಿಕೆಯ ತಟ್ಟೆ ಸುತ್ತುತ್ತದೆ. ಎಲೆ ತೆಗೆದುಕೊಂಡವರು ಮಾತಾಡಲೇಬೇಕು. ಒಬ್ಬರು ಸುಮ್ಮನುಳಿದರೂ ತೀರ್ಮಾನವಿಲ್ಲ. ಆ ಕಟ್ಟಳೆ ಮಾಡಿದವಳೂ ಅವಳೇ ಅನ್ನಿ.

ಈಚೆಗೆ ಯುರೋಪಿನಲ್ಲಿ ಬಟ್ಟೆ ಕಂಪನಿಗಳಿಗೆ ಒಂದು ಕಾನೂನು ತಯಾರಾಗುತ್ತಿತ್ತು. ಅವರಿಗೆ ಹತ್ತಿ ಬೆಳೆಯುವ ಯಾವ ದೇಶದ ಹೊಲದಲ್ಲಿ ಅನ್ಯಾಯವಾದರೂ ರೈತರು ಕಂಪನಿಯ ಮೇಲೆ ನೇರ ದೂರು ಕೊಡಬಹುದು. ಆದರೆ ಕರಡಿನ ಪ್ರಕಾರ ಹೊಲ ಯಾರ ಹೆಸರಿನಲ್ಲಿದೆಯೋ ಅವರಷ್ಟೇ ರೈತರು. ಔಷಧಿ ಹೊಡೆದ ಹೊಲಕ್ಕೆ ಮರುದಿನವೇ ಇಳಿದು ಕೈ ಸುಟ್ಟುಕೊಳ್ಳುವ ನಮ್ಮ ಹೆಂಗಸರ ಹೆಸರಿನಲ್ಲಿ ಗೇಣು ಭೂಮಿಯೂ ಇಲ್ಲ. ಇದೆಂಥ ನ್ಯಾಯವೋ ನನಗಂತೂ ತಿಳಿಯಲಿಲ್ಲ.

ಅಲ್ಲಿ ಕಾನೂನು ಮಾಡುವ ಮೊದಲು ಜನರ ಸಂಘಟನೆಗಳ ಅಭಿಪ್ರಾಯ ಕೇಳುತ್ತಾರೆ. ಅಂಥ ಸಂಘಟನೆಗಳ ಒಕ್ಕೂಟವೊಂದು ಅಭಿಪ್ರಾಯ ಬರೆಯುವ ಮುನ್ನ ಆದೆಮ್ಮನನ್ನು ವಿಡಿಯೋ ಸಭೆಗೆ ಕರೆಯಿತು. ಅವಳ ಮಾತನ್ನು ಇಂಗ್ಲಿಷಿಗೆ ದಾಟಿಸಲು ಲಿಂಗಸುಗೂರಿನಿಂದ ಶಾಹೀಸ್ತಾ ಟೀಚರ್ ಬಂದಳು.

ಪರದೆಯಲ್ಲಿ ಉದ್ದ ಮೇಜು, ಸುತ್ತ ಸೂಟಿನವರು. ಆದೆಮ್ಮ ಚುಟುಕಾಗಿ ಹೇಳಲಿ ಎಂದರು.

"ನಾ ಒಬ್ಬಾಕಿ ಹೇಳಿದ್ರ ಅದು ಸಂಘದ ಮಾತು ಹ್ಯಾಂಗ ಆಕೈತ್ರಿ?" ಎಂದವಳೇ ಸುತ್ತ ಕೂತಿದ್ದ ನಮ್ಮ ನಡುವೆ ತಟ್ಟೆ ಹೊರಡಿಸಿದಳು. ಗಂಗಾದೇವಿ ಬೊಬ್ಬೆಯೆದ್ದ ಅಂಗೈಯನ್ನು ಕ್ಯಾಮೆರಾಕ್ಕೇ ಹಿಡಿದಳು. ಎಲ್ಲರದೂ ಮುಗಿದ ಮೇಲೆ ಆದೆಮ್ಮ ತಟ್ಟೆಯನ್ನು ಪರದೆಯ ಕಡೆ ತಿರುಗಿಸಿದಳು. "ನಮ್ದು ಆತು. ಈಗ ನೀವು ಹೇಳ್ರಿ."

"ಆದೆಮ್ಮಕ್ಕ, ಅವ್ರಾಗ ಹಂಗಿಲ್ಲ," ಶಾಹೀಸ್ತಾ ಪಿಸುಗುಟ್ಟಿದಳು.

"ಸಭಾ ಅಂದಮ್ಯಾಲ ಎಲ್ಲಾ ಕಡಿ ಒಂದ. ನೀ ಹೇಳವ್ವ."

ಸೂಟಿನವರು ನಗುತ್ತಾ ಒಬ್ಬೊಬ್ಬರಾಗಿ ಮಾತಾಡಿದರು. ಅಲ್ಲಿನ ರೈತ ಸಂಘದ ಮುದುಕರೊಬ್ಬರು ಮಾತ್ರ, ಭೂಮಿ ಇಲ್ಲದವರನ್ನು ರೈತರೆನ್ನುವುದು ಹೇಗೆ ಎಂದು ತಲೆಯಾಡಿಸಿದರು. ಆ ಒಕ್ಕೂಟದಲ್ಲೂ ಎಲ್ಲರೂ ಒಪ್ಪಲೇಬೇಕು; ಅವರೊಬ್ಬರು ಒಪ್ಪದಿದ್ದರೆ ಅಭಿಪ್ರಾಯ ಮುಂದೆ ಹೋಗುವಂತಿರಲಿಲ್ಲ. ನಮ್ಮೆಲ್ಲರ ಮುಖ ಬಾಡಿತು.

ಆದೆಮ್ಮ ತಟ್ಟೆಯನ್ನು ಶಾಹೀಸ್ತಾಳ ಮುಂದೆ ಹಿಡಿದಳು. "ಎಲ್ಲಾರ ಮಾತೂ ನೀನ ಹೇಳಿದಿ. ನಿಂದು ಇನ್ನಾ ಹೇಳಿಲ್ಲ. ಎಲಿ ತಗೋ."

ಶಾಹೀಸ್ತಾ ತಡವರಿಸುತ್ತ ಎಲೆ ತೆಗೆದುಕೊಂಡಳು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ನಮಗಾಗಿ ಕನ್ನಡದಲ್ಲಿ ಹೇಳಿದಳು: "ನಮ್ಮ ಅಮ್ಮಿ ರಾಜಾಬೀ ಹತ್ತಿ ಬಿಡಿಸೇ ನನ್ನ ಓದಿಸ್ಯಾಳ. ಆಕಿ ಕೈ ಈಗೂ ಮಡಚಾಕ ಬರಂಗಿಲ್ಲ. ನಾ ಕಲ್ತ ಈ ಇಂಗ್ಲಿಷು ಆಕಿ ಬೆಳಿ ಐತ್ರಿ."

ಮುದುಕರು ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮ ರೈತ ಸಂಘದಲ್ಲಿ ಭೂಮಿ ಇದ್ದವರೇ ಸದಸ್ಯರು, ಉಳಿದವರು ನನಗೆ ಕಾಣಲೇ ಇಲ್ಲ, ಇವರನ್ನೂ ಸೇರಿಸಿ," ಎಂದರು. ಆ ಅಭಿಪ್ರಾಯ ಮೇಲಕ್ಕೆ ಹೋಯಿತು. ಕಾನೂನು ಬಂದಾಗ ಅದರಲ್ಲಿ ಹೊಲದಲ್ಲಿ ದುಡಿಯುವವರೆಲ್ಲರೂ ರೈತರೇ ಎಂಬ ಸಾಲಿತ್ತು.

ಅವತ್ತು ಸಂಘದಲ್ಲಿ ಪೇಡೆ ಹಂಚಿಕೆ, ಕುಣಿತ. ಶಾಹೀಸ್ತಾ ಎಲ್ಲರಿಗೂ ಕೇಳುವಂತೆ ಮನೆಗೆ ಫೋನು ಹಚ್ಚಿ, ಅಮ್ಮಿ, ನೀನು ಇವತ್ತು ರೈತಳಾದೆ ಎಂದಳು.

"ಇವತ್ತಾ?" ಆ ಕಡೆಯಿಂದ ರಾಜಾಬೀ ದನಿ ಏರಿಸಿದಳು. "ಹಂಗಾದ್ರ ಇಷ್ಟು ವರ್ಷ ನಾ ಏನಿದ್ನೆ?"