ಎಡಗೈ ಕಡಿದ ಗೋಡೆ

ಆರ್ಕಿಟೆಕ್ಚರಿನ ನಾಲ್ಕನೇ ವರ್ಷದಲ್ಲಿ ನಮಗೊಂದು ಕೆಲಸ ಕೊಟ್ಟಿದ್ದರು. ನಿಮ್ಮ ಊರಿನ ಒಂದು ಜಾಗ ಆರಿಸಿಕೊಳ್ಳಿ, ಅಲ್ಲಿನ ಮಣ್ಣು, ಇಳಿಜಾರು, ಗಿಡಮರ ಯಾವುದನ್ನೂ ಕೆಡಿಸದ ಹಾಗೆ ಒಂದು ಕಟ್ಟಡವನ್ನು ಕಂಪ್ಯೂಟರಿನಲ್ಲಿ ಕಟ್ಟಿ ತೋರಿಸಿ, ಎಂದು. ನಾನು ಆರಿಸಿಕೊಂಡದ್ದು ವಾಮದಪದವಿನ ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಕೆಲಸ ನಿಂತು ಪಾಳುಬಿದ್ದಿದ್ದ ಕೆಂಪುಕಲ್ಲಿನ ಕೋರೆಯನ್ನು. ಅದರ ಹಿಂದೆ ದೊಡ್ಡ ಯೋಚನೆಯೇನೂ ಇರಲಿಲ್ಲ. ಮೂಡುಬಿದಿರೆಯ ಹಾಸ್ಟೆಲಿನಿಂದ ಶನಿವಾರ ಬಂದರೆ ಅಳತೆಯೂ ಆಗುತ್ತದೆ, ಅಮ್ಮನ ಅಡುಗೆಯೂ ಸಿಗುತ್ತದೆ ಎಂದಷ್ಟೇ.

ಅಪ್ಪ ಅದೇ ಕೋರೆಯಲ್ಲಿ ಕಲ್ಲು ಕಡಿಯುತ್ತಿದ್ದವರು. ಯಂತ್ರ ಬರುವ ಮೊದಲು, ಪಿಕ್ಕಾಸಿನಲ್ಲೇ ಕಲ್ಲು ಎಬ್ಬಿಸುತ್ತಿದ್ದ ಕಾಲದಲ್ಲಿ. ನಾನು ಮೂರನೇ ಕ್ಲಾಸಿನಲ್ಲಿರುವಾಗ ಮೊಣಕಾಲು ಸೋತು ಆ ಕೆಲಸ ಬಿಟ್ಟರು, ಪೇಟೆಯಲ್ಲಿ ಒಂದು ಗೂಡಂಗಡಿ ಇಟ್ಟರು. ಆಮೇಲೆ ಕೋರೆಯ ಮಾತನ್ನು ಅವರು ಎತ್ತಿದ್ದು ನನಗೆ ನೆನಪಿಲ್ಲ. ನಾವೂ ಕೇಳಲಿಲ್ಲ.

ನನ್ನ ಮೊದಲ ವಿನ್ಯಾಸದಲ್ಲಿ ಕೋರೆಯ ತಳದಲ್ಲಿ ಗಾಜಿನ ಒಂದು ವಾಚನಾಲಯವಿತ್ತು. ಸುತ್ತ ಹಸಿರು ಹುಲ್ಲುಹಾಸು. ಒರಟು ಗೋಡೆಗಳು ಕಾಣದ ಹಾಗೆ ಬಳ್ಳಿ ಹಬ್ಬಿಸಿದ್ದೆ. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಯಾವುದೋ ದೇಶದ ರೆಸಾರ್ಟಿನ ಹಾಗೆ ಹೊಳೆಯುತ್ತಿತ್ತು.

"ಚಿತ್ರ ಚೆಂದ ಉಂಟು," ಅಂದರು ನಮ್ಮ ಮೇಡಂ. "ಮಳೆಗಾಲದಲ್ಲಿ ಇಲ್ಲಿ ನೀರು ಎಲ್ಲಿಯವರೆಗೆ ನಿಲ್ಲುತ್ತದೆ?"

ನನಗೆ ಗೊತ್ತಿರಲಿಲ್ಲ.

"ಗೊತ್ತಿರುವವರು ಯಾರಾದರೂ ಇರ್ತಾರಲ್ಲ. ಕೇಳು."

ಆ ಶನಿವಾರ ಅಪ್ಪನನ್ನು ಕೇಳಿದೆ. ಮರುದಿನ ಅವರು ಮಧ್ಯಾಹ್ನಕ್ಕೇ ಅಂಗಡಿ ಮುಚ್ಚಿ ಬಂದರು. "ಹೋಗುವ," ಅಂದರು, ಅಷ್ಟೇ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಕೋರೆಗೆ ಇಳಿಯುವ ದಾರಿಯಲ್ಲಿ ನಾನು ಕೈ ಕೊಟ್ಟೆ. ಅವರು ಹಿಡಿಯಲಿಲ್ಲ. ಒಂದೊಂದೇ ಹೆಜ್ಜೆ ಅಡ್ಡವಾಗಿ ಇಟ್ಟು ತಾವೇ ಇಳಿದರು.

ತಳದಲ್ಲಿ, ನಾನು ಹುಲ್ಲುಹಾಸು ಬರೆದಿದ್ದ ಜಾಗದಲ್ಲಿ, ಸೊಂಟದ ಮಟ್ಟಕ್ಕೆ ನೀರು. ಎರಡು ಕೊಕ್ಕರೆಗಳು ನಮ್ಮನ್ನು ನೋಡಿ ಸ್ವಲ್ಪ ದೂರ ಸರಿದು ನಿಂತವು.

"ದೀಪಾವಳಿಯವರೆಗೆ ಇರ್ತದೆ ಇದು," ಅಂದರು ಅಪ್ಪ. "ಆಮೇಲೆ ಇಂಗಿ ಹೋಗ್ತದೆ. ಕೆಳಗಿನ ಮನೆಗಳ ಬಾವಿಗೆ ಇದೇ ನೀರು. ನೀನು ಇದನ್ನು ಓಡಿಸಬೇಡ ಮಗಾ."

"ಮತ್ತೆ ಕಟ್ಟಡ ಎಲ್ಲಿ ಇಡುವುದು?"

ಕಲ್ಲು ತೆಗೆದು ತೆಗೆದು ಕೋರೆಯ ಮೂರೂ ಬದಿಯಲ್ಲಿ ಮೆಟ್ಟಿಲಿನ ಹಾಗೆ ಅಗಲವಾದ ಹಂತಗಳು ಉಳಿದಿದ್ದವು. ಅಪ್ಪ ಮೇಲಿನ ಹಂತವನ್ನು ತೋರಿಸಿದರು. "ಅಲ್ಲಿ ಕಲ್ಲು ಗಟ್ಟಿ. ನಾವು ಊಟ ಮಾಡ್ತಾ ಇದ್ದದ್ದು ಅಲ್ಲೇ. ಗಾಳಿ ಉಂಟು."

ನಾನು ನೀರಿನ ಮಟ್ಟ ಅಳೆದೆ, ಗೋಡೆಗಳ ಫೋಟೋ ತೆಗೆದೆ. ಸಂಜೆ ಜಗಲಿಯಲ್ಲಿ ಕೂತು ಆ ಫೋಟೋಗಳನ್ನು ಕಂಪ್ಯೂಟರಿನ ಗೋಡೆಗಳಿಗೆ ಅಂಟಿಸುತ್ತಿದ್ದೆ. ಅಪ್ಪ ಚಾದ ಗ್ಲಾಸು ಹಿಡಿದು ಹಿಂದೆ ಬಂದು ನಿಂತರು. ಪರದೆಯ ಹತ್ತಿರಕ್ಕೆ ಬಗ್ಗಿದರು.

"ಈ ಗೋಡೆ ನಾನು ಕಡಿದದ್ದು," ಅಂದರು.

"ಹೇಗೆ ಗೊತ್ತಾಯಿತು?"

"ಗೆರೆ ನೋಡು. ಉಳಿದದ್ದರಲ್ಲಿ ಎಲ್ಲ ಈ ಕಡೆ ವಾಲಿದೆ. ಇದರಲ್ಲಿ ಆ ಕಡೆ. ನಾನು ಎಡಚ ಅಲ್ವಾ. ಎಡಚನ ಪಕ್ಕದಲ್ಲಿ ಯಾರೂ ನಿಲ್ಲುವುದಿಲ್ಲ, ಪಿಕ್ಕಾಸು ತಾಗ್ತದೆ ಅಂತ. ಹಾಗೆ ಆ ಮೂಲೆ ನನಗೊಬ್ಬನಿಗೇ ಬಿಟ್ಟದ್ದು."

ನಾನು ಫೋಟೋವನ್ನು ದೊಡ್ಡದು ಮಾಡಿದೆ. ಸಾವಿರಾರು ಗೆರೆಗಳು, ಎಲ್ಲವೂ ಒಂದೇ ಕಡೆಗೆ ಬಾಗಿದ್ದವು. ಅಪ್ಪ ಎಡಗೈಯಲ್ಲಿ ಚಾ ಹೊಯ್ಯುವುದನ್ನು ದಿನಾ ನೋಡಿದವಳು ನಾನು. ಆ ಕೈ ವರ್ಷಗಟ್ಟಲೆ ಒಂದು ಮೂಲೆಯಲ್ಲಿ ಒಂಟಿಯಾಗಿ ದುಡಿದಿತ್ತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. "ಚಾ ತಣಿಯುತ್ತದೆ ಅಪ್ಪ," ಅಂದೆ.

ಆ ಗೋಡೆಯ ಮೇಲಿನ ಬಳ್ಳಿಯನ್ನೆಲ್ಲ ಅಳಿಸಿದೆ. ವಾಚನಾಲಯವನ್ನು ಮೇಲಿನ ಹಂತಕ್ಕೆ ತಂದೆ. ಮಾಡಿನ ಮೇಲೆ ಹೆಂಚಿನ ಬದಲು ಗುಡ್ಡದ ಹುಲ್ಲನ್ನೇ ಮುಂದುವರಿಸಿದೆ. ರಸ್ತೆಯಿಂದ ಬರುವವರಿಗೆ ಬರೀ ಗುಡ್ಡ ಕಾಣಬೇಕು. ಮೆಟ್ಟಿಲಿಳಿದು ಒಳಗೆ ಬಂದರೆ ಕಿಟಕಿಯ ಆಚೆ ಅಪ್ಪನ ಗೋಡೆ, ಕೆಳಗೆ ನೀರು. ಮುಂದಿನ ವಾರಗಳಲ್ಲಿ ಊರಿಗೆ ಬಂದಾಗಲೆಲ್ಲ ಅಪ್ಪನನ್ನು ಪರದೆಯ ಮೇಲೆ ಅದರೊಳಗೆ ನಡೆಸಿದೆ. ಅವರು ಕೀಲಿ ಒತ್ತಿ ಒತ್ತಿ ಎರಡು ಸಲ ನೀರಿಗೆ ಬಿದ್ದರು. ಮೂರನೇ ಸಲ ಮೆಟ್ಟಿಲ ಬಳಿ ನಿಂತು, "ಇದು ಎತ್ತರ ಆಯಿತು ಮಾರಾಯ್ತಿ, ಮೊಣಕಾಲು ಇಲ್ಲದವರು ಓದಬಾರದಾ?" ಎಂದು ಕೇಳಿದರು. ಮೆಟ್ಟಿಲು ತಗ್ಗಿಸಿದೆ.

ಕೊನೆಯ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಹುಲ್ಲಿನ ಮಾಡಿನಲ್ಲಿ ನೀರು ಹರಿಯುವಷ್ಟು ಇಳಿಜಾರಿಲ್ಲ ಎಂದು ತಪ್ಪು ತೋರಿಸಿದರು. ಅದು ಸರಿಯೇ ಆಗಿತ್ತು. ಆಮೇಲೆ, "ಈ ಒಂದು ಗೋಡೆಯನ್ನು ಯಾಕೆ ಹಾಗೇ ಬಿಟ್ಟಿದ್ದೀರಿ?" ಎಂದು ಕೇಳಿದರು. ಬೆಳಕು, ನೆರಳು ಎಂದೆಲ್ಲ ಉತ್ತರ ಬಾಯಿಪಾಠ ಮಾಡಿಟ್ಟಿದ್ದೆ. ಬಾಯಿಗೆ ಬಂದದ್ದು ಬೇರೆ.

"ಅದು ನನ್ನ ಅಪ್ಪ ಕಡಿದದ್ದು ಸರ್."

ಮಧ್ಯಾಹ್ನ ಮನೆಯವರಿಗೂ ಪ್ರದರ್ಶನ ನೋಡಲು ಬಿಟ್ಟಿದ್ದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದು, ನನ್ನ ಹಾಳೆಗಳ ಮುಂದೆ ಕೈಕಟ್ಟಿ ನಿಂತಿದ್ದರು. ಪರೀಕ್ಷಕರು ತಾವಾಗಿ ಹತ್ತಿರ ಬಂದು, ಈ ಕಲ್ಲು ನಿಜವಾಗಿ ಎಷ್ಟು ಗಟ್ಟಿ ಎಂದು ಅವರನ್ನು ಕೇಳಿದರು. ಮನೆಯಲ್ಲಿ ತುಳು ಮಾತ್ರ ಆಡುವ ಅಪ್ಪ ಶಾಲೆಯ ಕನ್ನಡವನ್ನು ನೆನಪು ಮಾಡಿಕೊಂಡು ನಿಧಾನವಾಗಿ ಹೇಳಿದರು:

"ಕಡಿಯುವಾಗ ಮೆದು ಉಂಟು ಸರ್. ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುವುದು."

ಇಬ್ಬರೂ ಕಾಲು ಗಂಟೆ ಮಾತಾಡಿದರು. ನಾನು ಅಪ್ಪನ ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ.

ಅಂಕ ಸಾಧಾರಣ ಬಂತು. ಆ ವಾಚನಾಲಯವನ್ನು ಯಾರೂ ಕಟ್ಟಲಿಲ್ಲ, ಕಟ್ಟುವುದಕ್ಕೆಂದು ಬರೆದದ್ದೂ ಅಲ್ಲ. ಆದರೆ ಆ ದಿನ ಊರಿಗೆ ಮರಳುವಾಗ ಸಿದ್ದಕಟ್ಟೆಯ ಬಸ್ಸಿನಲ್ಲಿ ಅಪ್ಪ ಕಿಟಕಿಯ ಬದಿ ಕೂತು, ನಾನು ಕೇಳದೆಯೇ, ಹೊರಗೆ ಕೈ ತೋರಿಸತೊಡಗಿದರು. ಆ ಶಾಲೆಯ ಕಂಪೌಂಡು ನಮ್ಮ ಕೋರೆಯ ಕಲ್ಲು. ಈ ಮನೆಯದ್ದೂ, ಆದರೆ ಬಣ್ಣ ಬಳಿದಿದ್ದಾರೆ. ಅಲ್ಲೊಂದು ಬಾವಿಕಟ್ಟೆ, ಅದು ಹಿಂದೆ ಹೋಯಿತು, ನಿನಗೆ ಕಾಣಲಿಲ್ಲ. ನಾಲ್ಕು ವರ್ಷ ಅದೇ ದಾರಿಯಲ್ಲಿ ಕಿವಿಗೆ ಹಾಡು ಸಿಕ್ಕಿಸಿಕೊಂಡು ಓಡಾಡಿದ್ದ ನಾನು, ಅಪ್ಪನ ಭುಜದ ಮೇಲಿಂದ ಬಗ್ಗಿ ಒಂದೊಂದನ್ನೂ ನೋಡಿದೆ.